ಓದುಗರ ಪ್ರಶ್ನೆ: ಸಂತ ಬೆಕೆಟ್ ಪೆಟ್ಟಿಗೆಯ ನೀಲಿ

ಪ್ರಶ್ನೆ: ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಸಂತ ಥಾಮಸ್ ಬೆಕೆಟ್ ಹತ್ಯೆಯ ಚಿತ್ರವಿರುವ ಪೆಟ್ಟಿಗೆ ನೋಡಿದೆವು. 800 ವರ್ಷ ಕಳೆದರೂ ನೀಲಿ ಮಾಸಿಲ್ಲ. ಅದೆಂಥ ಬಣ್ಣ? ಹೊಳೆಯುವುದು ಅಪ್ಪಟ ಚಿನ್ನವೇ?

ಉತ್ತರ: ಅದು ಬಳಿದ ಬಣ್ಣವಲ್ಲ, ಗಾಜು, ಅದಕ್ಕೇ ಮಾಸಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಬೆಕೆಟ್ 1170ರ ಡಿಸೆಂಬರ್ 29ರಂದು ತಮ್ಮ ಚರ್ಚಿನೊಳಗೇ ಕೊಲೆಯಾದರು. 1173ರಲ್ಲಿ ಅವರನ್ನು ಸಂತರೆಂದು ಸಾರಲಾಯಿತು. ಅವರ ಪವಿತ್ರ ಅವಶೇಷಗಳನ್ನು ಇಡಲು ಫ್ರಾನ್ಸಿನ ಲಿಮೋಜ್ ಊರಿನ ಕಸುಬುದಾರರು ಇಂಥ ಹತ್ತಾರು ಪೆಟ್ಟಿಗೆ ಮಾಡಿದರು. ನೀವು ನೋಡಿದ್ದು ಸುಮಾರು 1180-90ರದು: ಒಳಗೆ ಓಕ್ ಮರ, ಹೊರಗೆ ತಾಮ್ರದ ತಗಡು.

ತಗಡಿನ ಮೇಲೆ ಚಿತ್ರ ಗೀರಿಕೊಂಡು, ಬಣ್ಣ ಬರಬೇಕಾದ ಜಾಗವನ್ನಷ್ಟೇ ಉಳಿಯಿಂದ ತೋಡುತ್ತಾರೆ. ಗುಳಿಯ ತಳ ಒರಟಾಗಿದ್ದಷ್ಟೂ ಗಾಜು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ನೀಲಿಗೆ ಕೋಬಾಲ್ಟ್ ಸೇರಿದ ಗಾಜು. ಅದನ್ನು ಕುಟ್ಟಿ ಪುಡಿಮಾಡಿ, ನೀರಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಕೊಳೆ, ಧೂಳು ಉಳಿದರೆ ಬಣ್ಣ ಮಂಕಾಗುತ್ತದೆ. ಒದ್ದೆ ಪುಡಿಯನ್ನು ಗುಳಿಗೆ ಒತ್ತಿ ತುಂಬಿ, ಪೂರ್ತಿ ಒಣಗಿದ ಮೇಲೆಯೇ ಕುಲುಮೆಗೆ ಇಡುತ್ತಾರೆ. ಪಸೆಯಿದ್ದರೆ ಆವಿ ಎದ್ದು ಪುಡಿ ಸಿಡಿದುಹೋಗುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಗಾಜು ತಗ್ಗಿ ಕೂರುವುದರಿಂದ ಮತ್ತೆ ತುಂಬಿ ಮತ್ತೆ ಸುಡಬೇಕು. ಕೊನೆಗೆ ಕಲ್ಲಿನಿಂದ ಉಜ್ಜಿ ತಾಮ್ರದ ಮಟ್ಟಕ್ಕೆ ತರುತ್ತಾರೆ.

ಚಿನ್ನ ಬರಿಯ ಲೇಪ, ಅದರ ಸರದಿ ಗಾಜಿನದಾದ ಮೇಲೆ. ಪಾದರಸದಲ್ಲಿ ಕಲಸಿದ ಚಿನ್ನವನ್ನು ಉಳಿದ ತಾಮ್ರಕ್ಕೆ ಹಚ್ಚಿ ಕಾಯಿಸಿದರೆ, 357 ಡಿಗ್ರಿಗೆ ಕುದಿಯುವ ಪಾದರಸ ಹಾರಿಹೋಗಿ ಚಿನ್ನ ನಿಲ್ಲುತ್ತದೆ. ಆ ಶಾಖಕ್ಕೆ ಗಾಜು ಕರಗದು. ಮೊದಲೇ ಹಚ್ಚಿದ್ದರೆ 800 ಡಿಗ್ರಿಯಲ್ಲಿ ಚಿನ್ನ ತಾಮ್ರದೊಳಗೆ ಇಂಗಿ ಮಬ್ಬಾಗುತ್ತಿತ್ತು. ಪಾದರಸದ ಆವಿ ಮಾತ್ರ ಕಡು ವಿಷ. ಆ ಹೊಳಪಿಗೆ ಕೆಲಸಗಾರರು ತೆತ್ತ ಬೆಲೆಯನ್ನು ಮರೆಯಬಾರದು.

ಪ್ರಶ್ನೆ: ನಮ್ಮ ಹಳೆಯ ಮೀನಾಕಾರಿ ಡಬ್ಬಿಯಲ್ಲಿ ಬಣ್ಣ ಚಕ್ಕೆ ಏಳುತ್ತಿದೆ. ಹುಣಸೆಹಣ್ಣಿನಿಂದ ಉಜ್ಜಿ, ಬಿಸಿನೀರಲ್ಲಿ ತೊಳೆಯಬಹುದೇ?

ಉತ್ತರ: ಎರಡೂ ಖಂಡಿತ ಬೇಡ. ಜೈಪುರದ ಮೀನಾಕಾರಿಯೂ ಲಿಮೋಜ್ ಕೆಲಸದಂತೆ ಲೋಹ ತೋಡಿ ಗಾಜು ತುಂಬುವುದೇ. ಶಾಖಕ್ಕೆ ಲೋಹ ಹಿಗ್ಗುವಷ್ಟು ಗಾಜು ಹಿಗ್ಗದು. ಹೀಗಾಗಿ ಬಿಸಿನೀರು ಬಿದ್ದರೆ ಇರುವ ಬಿರುಕು ಇನ್ನೂ ಬಾಯಿಬಿಡುತ್ತದೆ. ಹುಣಸೆಯ ಹುಳಿ ಗಾಜನ್ನೂ ತಿನ್ನುತ್ತದೆ. ಗಟ್ಟಿಯಾಗಿ ಕೂತಿರುವ ಕಡೆ ಮಾತ್ರ ಮೆತ್ತನೆಯ ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬಿದ್ದ ಚಕ್ಕೆಗಳನ್ನು ಕಾಗದದಲ್ಲಿ ಸುತ್ತಿ, ಎಲ್ಲಿಯದೆಂದು ಬರೆದಿಡಿ. ತಟ್ಟನೆ ಹಿಡಿಯುವ ಗೋಂದು ಹಾಕಬೇಡಿ, ಆಮೇಲೆ ತಜ್ಞರಿಗೂ ಅದನ್ನು ಬಿಡಿಸುವುದು ಕಷ್ಟ.