ಜಪಾನಿಗೆ ಹೊರಟ ಕಾಫಿಪ್ರಿಯರಿಗೆ: ಹತ್ತು ರಾತ್ರಿ ಹೀಗೆ ಹಂಚಿಕೊಳ್ಳಿ

ಮೇಡಂ, ಉತ್ತರ ಸ್ವಲ್ಪ ಉದ್ದವಾಗುತ್ತೆ, ಬಿಡುವು ಮಾಡಿಕೊಂಡು ಓದಿ. ನಮ್ಮ ಈ ಕಾಫಿ ಗುಂಪಿನಲ್ಲಿ ನೀವು ಕೇಳಿದ್ದು ಇಷ್ಟು: ನವೆಂಬರಿನಲ್ಲಿ ನೀವೂ ನಿಮ್ಮ ಯಜಮಾನರೂ ಹತ್ತು ರಾತ್ರಿಗೆ ಜಪಾನಿಗೆ ಹೊರಟಿದ್ದೀರಿ. ಮೊಟ್ಟೆ ಆಗುತ್ತೆ, ಮೀನು ಮಾಂಸ ಆಗೋದಿಲ್ಲ. ಇಬ್ಬರಿಗೂ ಕಾಫಿ ಗಟ್ಟಿಯಾಗಿರಬೇಕು. ಜಪಾನಿ ನಿರ್ದೇಶಕ ಒಜು ಅವರ ಸಿನಿಮಾ ಅಂದ್ರೆ ಪ್ರಾಣ. ಎಲ್ಲಿಗೆ ಹೋಗೋದು, ಏನು ತಿನ್ನೋದು, ಬರುವಾಗ ಏನು ತರೋದು?

ನಿಮ್ಮ ಪ್ರಶ್ನೆಗೆ ಗುಂಪಿನಲ್ಲಿ ಇನ್ನೊಬ್ಬರು ಏಳು ದಿನದ ಜೆಆರ್ ಪಾಸ್ (ಒಂದೇ ಟಿಕೆಟ್ಟಿನಲ್ಲಿ ಊರೂರು ಸುತ್ತೋ ರೈಲು ಪಾಸ್) ತಗೊಳ್ಳಿ, ಎಂಟು ಊರು ನೋಡಬಹುದು ಅಂತ ಬರೆದಿದ್ದಾರೆ. ಬೇಡ. 2023ರ ಅಕ್ಟೋಬರಿನಲ್ಲಿ ಆ ಪಾಸಿನ ಬೆಲೆ 29,650 ಯೆನ್‌ನಿಂದ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಬಿಡಿ ಟಿಕೆಟ್ ಸುಮಾರು 14,000. ಮತ್ತೆ ಟೋಕಿಯೋಗೆ ತಿರುಗಿ ಹೋಗದೆ ಕೊನೆಗೆ ಒಸಾಕಾ ಹತ್ತಿರದ ಕನ್ಸಾಯ್ ವಿಮಾನ ನಿಲ್ದಾಣದಿಂದ ವಾಪಸ್ ಬಂದರೆ ಪಾಸಿನ ದುಡ್ಡು ಹುಟ್ಟೋದಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಾಸ್ ಕೈಯಲ್ಲಿದ್ರೆ ಸುಮ್ನೆ ಓಡಾಡಬೇಕು ಅನ್ನಿಸುತ್ತೆ. ನಿಮ್ಮಂಥವರು ಅಲ್ಲಿ ಕೂರಬೇಕು, ಓಡಬಾರದು.

ಕೂರಬೇಕಾದ ಜಾಗಕ್ಕೆ ಕಿಸ್ಸಾತೆನ್ ಅಂತಾರೆ. ಹಳೆಯ ಕಾಲದ ಕಾಫಿ ಅಂಗಡಿ. ಟೋಕಿಯೋದಲ್ಲಿ ಹೊಸ ನಮೂನೆಯ ಕೆಫೆಗಳೂ ಬೇಕಾದಷ್ಟಿವೆ. ಹುಳಿ ಹುಳಿಯಾಗಿ, ಹಣ್ಣಿನ ಪರಿಮಳದ ಲೈಟ್ ರೋಸ್ಟ್ ಕೊಡುತ್ತಾರೆ. ಅದನ್ನು ಇಂದಿರಾನಗರದಲ್ಲೂ ಕುಡಿಯಬಹುದು. ಡಿಕಾಕ್ಷನ್ ಕುಡಿದು ಬೆಳೆದ ನಾಲಿಗೆಗೆ ಹತ್ತಿರವಾಗೋದು ಈ ಹಳಬರ ಕಡು ರೋಸ್ಟೇ. ಅದೂ ಬಟ್ಟೆಯಲ್ಲಿ ಸೋಸಿದ್ದು. ಫಿಲ್ಟರ್ ಬರೋ ಮೊದಲು ಮಲೆನಾಡಿನ ಮನೆಗಳಲ್ಲಿ ಬಟ್ಟೆಯಲ್ಲೇ ಸೋಸುತ್ತಿದ್ದರಲ್ವಾ, ಅದೇ ಕೆಲಸವನ್ನು ಅಲ್ಲಿ ಫ್ಲಾನೆಲ್ ಚೀಲದಲ್ಲಿ ಮಾಡುತ್ತಾರೆ. ಹೆಸರು ನೆಲ್ ಡ್ರಿಪ್.

ಟೋಕಿಯೋದ ಗಿಂಜಾ ಪ್ರದೇಶದಲ್ಲಿರೋ ‘ಕಫೆ ದ ಲಾಂಬ್ರ್’ಗೆ ಮೊದಲು ಹೋಗಿ. 1948ರಲ್ಲಿ ಶುರುವಾದದ್ದು. ಶುರು ಮಾಡಿದ ಸೆಕಿಗುಚಿ ಇಚಿರೋ 2018ರಲ್ಲಿ ತೀರಿಕೊಂಡರು, ಆಗ ಅವರಿಗೆ 103 ವರ್ಷ. ಕಾಫಿ ಮಾತ್ರ ಅಂತ ಬೋರ್ಡಿನಲ್ಲೇ ಹಾಕಿದ್ದಾರೆ. ತಿಂಡಿ ನಿರೀಕ್ಷೆ ಮಾಡಬೇಡಿ. ವರ್ಷಗಟ್ಟಲೆ ಇಟ್ಟು ಹಳತಾಗಿಸಿದ ಹಸಿ ಬೀಜ ಹುರಿದು ಕೊಡೋದು ಇವರ ವಿಶೇಷ. ಮೇಜು ಬಿಟ್ಟು ಕೌಂಟರಿನಲ್ಲೇ ಕೂತುಕೊಳ್ಳಿ. ಒಂದು ಕೈಯಲ್ಲಿ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಸಣ್ಣ ಮೂತಿಯ ಕೆಟಲ್. ನೀರು ದಾರದಷ್ಟು ಸಣ್ಣಗೆ ಬೀಳುತ್ತೆ, ಆಗಾಗ ಬರೀ ಹನಿ. ಪುಡಿ ಉಬ್ಬಿ ಬರುತ್ತೆ, ಅಂಚಿಗೆ ನೀರು ತಾಗಿಸೋದಿಲ್ಲ. ಕೆಳಗೆ ತೊಟ್ಟಿಕ್ಕೋ ಕಾಫಿ ಹೆಚ್ಚು ಕಡಿಮೆ ನಮ್ಮ ಡಿಕಾಕ್ಷನ್ನಿನ ದಪ್ಪ. ಲೋಟ ಚಿಕ್ಕದು, ಹಾಲು ಕೇಳಬೇಡಿ. ಹಾಲು ಬೇಕೇ ಬೇಕು ಅಂದ್ರೆ ಅಲ್ಲೇ ‘ಬ್ಲಾಂ ಎ ನುವಾರ್’ ಅಂತ ಒಂದಿದೆ: ಗಾಜಿನ ಲೋಟದಲ್ಲಿ ತಣ್ಣನೆಯ ಸಿಹಿ ಕಾಫಿ, ಅದರ ಮೇಲೆ ತೇಲಿಬಿಟ್ಟ ಹಾಲು. ಕಲಕದೆ ಹಾಗೇ ಕುಡಿಯಬೇಕು.

ಇನ್ನೊಂದು, ಟೋಕಿಯೋದಲ್ಲೇ ಶಿಬುಯಾದ ‘ಚಾತೇಯ್ ಹಾತೋ’. ಗೋಡೆ ತುಂಬ ಪಿಂಗಾಣಿ ಕಪ್ಪುಗಳು. ಅದರಲ್ಲಿ ಯಾವುದರಲ್ಲಿ ನಿಮಗೆ ಕಾಫಿ ಕೊಡಬೇಕು ಅನ್ನೋದನ್ನು ಅವರೇ ಆರಿಸುತ್ತಾರೆ. ಇಂಥ ಕಡೆ ಒಂದು ಕಪ್ಪಿಗೆ ಸುಮಾರು 600ರಿಂದ 1,000 ಯೆನ್, ಕೆಲವು ಕಾಫಿಗೆ ಇನ್ನೂ ಜಾಸ್ತಿ. ಬೆಲೆ ನೋಡಿ ಹೌಹಾರಬೇಡಿ, ಕೂರೋ ಜಾಗಕ್ಕೂ ಸೇರಿಸಿ ಕೊಡ್ತಿದ್ದೀವಿ ಅಂದುಕೊಳ್ಳಿ. ಒಬ್ಬೊಬ್ಬರೂ ಒಂದೊಂದು ಆರ್ಡರ್ ಮಾಡಬೇಕು, ಒಂದು ಕಾಫಿ ತರಿಸಿ ಬೈ ಟು ಮಾಡೋ ಹಾಗಿಲ್ಲ. ಟಿಪ್ಸ್ ಕೊಡೋ ಪದ್ಧತಿ ಇಲ್ಲ. ನಗದು ಇಟ್ಟುಕೊಂಡಿರಿ. ಫೋಟೋ ತೆಗೆಯೋ ಮುಂಚೆ ಕೇಳಿ. 2020ರಿಂದ ಒಳಗೆ ಸಿಗರೇಟಿಗೆ ನಿರ್ಬಂಧ ಬಂದಿದೆ, ಆದರೂ ಸಣ್ಣ ಹಳೆ ಅಂಗಡಿಗಳಿಗೆ ವಿನಾಯಿತಿ ಇದೆ. ಹೊಗೆ ಆಗದಿದ್ದರೆ ಬಾಗಿಲಲ್ಲೇ ಸ್ಟಿಕ್ಕರ್ ನೋಡಿಕೊಳ್ಳಿ.

ಈಗ ಊಟ. ನಿಮಗೆ ಕಷ್ಟ ಕೊಡೋದು ಕಣ್ಣಿಗೆ ಕಾಣೋ ಮೀನಲ್ಲ, ಕಾಣದ ಮೀನು. ದಾಶಿ ಅನ್ನೋ ಸಾರು ಅವರ ಅಡುಗೆಯ ಬುಡ. ಬಹುಪಾಲು ಕಡೆ ಅದನ್ನು ಒಣಗಿಸಿ ಹೊಗೆ ಕೊಟ್ಟ ಮೀನಿನ ಚಕ್ಕೆಯಿಂದ ಮಾಡುತ್ತಾರೆ. ಮಿಸೋ ಸೂಪಿನಲ್ಲಿ ಅದು, ಸೋಬಾ ಅನ್ನೋ ನೂಡಲ್ಸ್ ಅದ್ದುವ ಸಾರಿನಲ್ಲಿ ಅದು, ತೋಫು ಮೇಲಿನ ಸಾಸಿನಲ್ಲೂ ಅದೇ. ಸುರುಳಿ ಆಮ್ಲೆಟ್‌ನಲ್ಲೂ ಹಾಕಿರುತ್ತಾರೆ. ‘ವೆಜಿಟೇರಿಯನ್’ ಅಂದ್ರೆ ಮಾಂಸದ ತುಂಡು ತೆಗೆದು ಅದೇ ಸಾರನ್ನು ನಗುನಗುತ್ತಾ ತಂದಿಡುತ್ತಾರೆ. ತಪ್ಪು ಅವರದ್ದಲ್ಲ, ಅವರ ಲೆಕ್ಕದಲ್ಲಿ ದಾಶಿ ಮೀನೇ ಅಲ್ಲ. ಹಾಗಾಗಿ ‘ಮಾಂಸ, ಮೀನು, ಮೀನಿನ ದಾಶಿ ಬೇಡ, ಮೊಟ್ಟೆ, ಹಾಲು ಆಗುತ್ತೆ’ ಅಂತ ಜಪಾನಿಯಲ್ಲೇ ಪ್ರಿಂಟ್ ಮಾಡಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಬಾಯಲ್ಲಿ ವಿವರಿಸೋದು ದಂಡ.

ಕೈಗೆ ಸಿಗೋದು ಕೆಲವಿವೆ. ಟೋಕಿಯೋ ಸ್ಟೇಷನ್ನಿನ ಗೇಟಿನ ಒಳಗೆ ‘ಟೀಸ್ ತಾನ್‌ತಾನ್’ ಅಂತ ಪೂರ್ತಿ ಸಸ್ಯಾಹಾರಿ ರಾಮೆನ್ (ಸಾರಿನಲ್ಲಿ ಹಾಕಿದ ನೂಡಲ್ಸ್) ಅಂಗಡಿ ಇದೆ, ಎಳ್ಳಿನ ಸಾರು, ಖಾರವೂ ಇದೆ. ಕೋಕೋ ಇಚಿಬಾನ್ಯಾ ಕರಿ ಅಂಗಡಿಗಳಲ್ಲಿ ಹಲವು ಕಡೆ ಬೇರೆ ವೆಜಿಟೇರಿಯನ್ ಮೆನು ಇಟ್ಟಿರುತ್ತಾರೆ, ಅದನ್ನೇ ಕೇಳಿ. ಸೌತೆಕಾಯಿ ಸುಶಿ ಎಲ್ಲೆಲ್ಲೂ ಸಿಗುತ್ತೆ.

ಮೊಟ್ಟೆ ಆಗುತ್ತೆ ಅಂದಿರಲ್ಲ, ಅದರಿಂದ ನಿಮ್ಮ ಬೆಳಗಿನ ಚಿಂತೆ ಮುಗಿದ ಹಾಗೆ. ನಗೋಯಾ ಕಡೆ ‘ಮಾರ್ನಿಂಗ್’ ಅಂತ ಒಂದು ಪದ್ಧತಿ. ಬೆಳಿಗ್ಗೆ, ಸಾಮಾನ್ಯವಾಗಿ ಹನ್ನೊಂದರ ಒಳಗೆ, ಕಿಸ್ಸಾತೆನ್‌ಗೆ ಹೋಗಿ ಕಾಫಿ ಹೇಳಿದರೆ ಕಾಫಿಯ ದುಡ್ಡಿಗೇ ದಪ್ಪ ಟೋಸ್ಟ್, ಬೇಯಿಸಿದ ಮೊಟ್ಟೆ ಬರುತ್ತೆ. ಪಕ್ಕದ ಇಚಿನೋಮಿಯಾ ಬಟ್ಟೆ ನೇಯೋ ಊರು. ಮಗ್ಗದ ಸದ್ದಿನಲ್ಲಿ ವ್ಯಾಪಾರದ ಮಾತಾಡಲಾಗದೆ ಯಜಮಾನರು ಕಾಫಿ ಅಂಗಡಿಗೆ ಬರುತ್ತಿದ್ದರಂತೆ, ಅಂಗಡಿಯವರು ಜೊತೆಗೆ ಮೊಟ್ಟೆ, ಕಡಲೆಕಾಯಿ ಕೊಡೋಕೆ ಶುರು ಮಾಡಿದರಂತೆ. ತೊಯೊಹಾಶಿ ಊರಿನವರು ಇದು ನಮ್ಮದು ಅಂತ ಜಗಳಕ್ಕೆ ಬರುತ್ತಾರೆ, ಅದು ಬೇರೆ ವಿಷಯ. ನೀವು ಒಗುರಾ ಟೋಸ್ಟ್ ಕೇಳಿ. ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಕೆಂಪು ಕಾಳಿನ ಸಿಹಿ, ನಮ್ಮ ಹೋಳಿಗೆ ಹೂರಣದ ಹಾಗೆ. ಕಹಿ ಕಾಫಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ. ಕಿಸ್ಸಾತೆನ್ನಿನ ‘ನಪೋಲಿತಾನ್’ ಸ್ಪಗೆಟಿ ನೋಡೋಕೆ ಟೊಮ್ಯಾಟೊ ಶಾವಿಗೆ ಅನ್ನಿಸಿದರೂ ಒಳಗೆ ಹ್ಯಾಮ್ ಅಥವಾ ಸಾಸೇಜ್ ಇರುತ್ತೆ, ಹುಷಾರು.

ನನ್ನ ಪ್ರಕಾರ ರಾತ್ರಿಗಳ ಹಂಚಿಕೆ: ಟೋಕಿಯೋ ನಾಲ್ಕು, ನಗೋಯಾ ಒಂದು, ಒನೊಮಿಚಿ ಎರಡು, ಕೋಯಾ ಬೆಟ್ಟ ಒಂದು, ಕ್ಯೋಟೋ ಎರಡು. ಕ್ಯೋಟೋಗೆ ಎರಡೇನಾ ಅಂತ ಬೈಯಬೇಡಿ. ನವೆಂಬರ್ ಕೊನೆಯ ಭಾಗದಲ್ಲಿ ಎಲೆ ಕೆಂಪಾಗೋ ಹೊತ್ತಿಗೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಬೆಳಿಗ್ಗೆ ಬೇಗ ‘ಇನೋಡಾ’ಗೆ ಹೋಗಿ, 1940ರಲ್ಲಿ ಶುರುವಾದ ಕಾಫಿ ಕಂಪನಿಯ ಅಂಗಡಿ. ಅವರ ಹೆಸರಾಂತ ಬ್ಲೆಂಡನ್ನು ಹಾಲು ಸಕ್ಕರೆ ಬೆರೆಸಿಯೇ ಕೊಡೋದು ರೂಢಿ. ಮಾತಿನಲ್ಲಿ ಮುಳುಗಿದ ಗಿರಾಕಿಗಳ ಕಾಫಿ ಆರಿ ಹೋಗಿ ಹಾಲು ಬೆರೆಯುತ್ತಿರಲಿಲ್ಲ, ಅದಕ್ಕೆ ಹಾಗೆ ಮಾಡಿದರು ಅಂತಾರೆ. ನಿಮ್ಮ ಯಜಮಾನರಿಗೆ ಅಲ್ಲಿ ಮನೆ ಸಿಕ್ಕ ಹಾಗಾಗುತ್ತೆ.

ಸಿನಿಮಾಗೆ ಟೋಕಿಯೋದಲ್ಲಿ ಜಿಂಬೋಚೋ ಸಾಕು. ಹಳೆ ಪುಸ್ತಕದ ಬೀದಿ. ‘ಯಾಗುಚಿ ಶೋತೆನ್’ ಅನ್ನೋ ಅಂಗಡಿ ತುಂಬ ಸಿನಿಮಾ, ನಾಟಕದ ಪುಸ್ತಕಗಳು. ಹತ್ತಿರದ ಜಿಂಬೋಚೋ ಥಿಯೇಟರಿನಲ್ಲಿ ಹಳೆಯ ಜಪಾನಿ ಸಿನಿಮಾ ಹಾಕುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಇರುತ್ತೆ ಅಂದುಕೊಳ್ಳಬೇಡಿ, ನೀವು ನೋಡಿರೋ ಒಜು ಸಿನಿಮಾ ಇದ್ದರೆ ಅದೇ ಸಾಕು. ಹೆಸರುಗಳು ಮುಗಿದು ಲೈಟ್ ಬರೋವರೆಗೂ ಯಾರೂ ಏಳೋದಿಲ್ಲ. ಇನ್ನೊಂದು ಗುಂಪಿನಲ್ಲಿ ಕನ್ನಡ ಸಿನಿಮಾ ಅಲ್ಲಿ ಬಂದೇ ಇಲ್ಲ ಅಂತ ಯಾರೋ ಬರೆದಿದ್ದರು. 2023ರ ಜುಲೈಯಲ್ಲಿ ಕೆಜಿಎಫ್ ಎರಡೂ ಭಾಗ ಅಲ್ಲಿ ತೆರೆ ಕಂಡವು.

ಒಂದು ಬೆಳಿಗ್ಗೆ ಕಿತಾ-ಕಾಮಕುರಾಗೆ ಹೋಗಿ. ಟೋಕಿಯೋದಿಂದ ಒಂದು ಗಂಟೆಯ ಒಳಗೇ ಮುಟ್ಟುತ್ತೀರಿ, ಸ್ಟೇಷನ್ ಪಕ್ಕದಲ್ಲೇ ಎಂಗಾಕು-ಜಿ ದೇವಾಲಯ. ಅಲ್ಲಿ ಒಜು ಅವರ ಸಮಾಧಿ ಇದೆ. ಕಲ್ಲಿನ ಮೇಲೆ ಒಂದೇ ಅಕ್ಷರ. ಹುಟ್ಟಿದ್ದು 1903ರ ಡಿಸೆಂಬರ್ 12, ತೀರಿಕೊಂಡದ್ದು 1963ರ ಡಿಸೆಂಬರ್ 12. ಬಂದವರು ಸಾಕೆ (ಅಕ್ಕಿಯ ಮದ್ಯ) ಬಾಟಲಿ ಇಟ್ಟು ಹೋಗುತ್ತಾರೆ.

ಒನೊಮಿಚಿಯನ್ನು ಮಾತ್ರ ಬಿಡಬೇಡಿ. ಒಜು ಅವರ ‘ಟೋಕಿಯೋ ಸ್ಟೋರಿ’ ಸಿನಿಮಾದ ಅಪ್ಪ ಅಮ್ಮ ಇದ್ದದ್ದು ಇದೇ ಊರಲ್ಲಿ. ಹೆಂಡತಿ ತೀರಿಕೊಂಡ ಬೆಳಿಗ್ಗೆ ಮುದುಕ ನಿಂತು ಸೂರ್ಯೋದಯ ನೋಡೋದು ಜೋಡೋ-ಜಿ ದೇವಾಲಯದ ಅಂಗಳದಲ್ಲಿ. ಮೆಟ್ಟಿಲ ಬುಡದಲ್ಲೇ ರೈಲು ಹಳಿ, ಅದರಾಚೆ ಮನೆಗಳ ಹೆಂಚು, ಅದರಾಚೆ ನದಿಯಷ್ಟೇ ಅಗಲದ ಸಮುದ್ರ, ಎದುರಿಗೆ ದ್ವೀಪ. ದೋಣಿಯಲ್ಲಿ ಕೆಲವೇ ನಿಮಿಷ. ಶಿನ್-ಒನೊಮಿಚಿ ಸ್ಟೇಷನ್ನಿಗೆ ಹೋಗಬೇಡಿ, ಅಲ್ಲಿ ನಿಧಾನದ ಶಿಂಕಾನ್‌ಸೆನ್ (ಬುಲೆಟ್ ರೈಲು) ಮಾತ್ರ ನಿಲ್ಲುತ್ತೆ, ಊರಿಂದಲೂ ದೂರ. ಫುಕುಯಾಮಾದಲ್ಲಿ ಇಳಿದು ಲೋಕಲ್ ಹಿಡಿದರೆ ಇಪ್ಪತ್ತು ನಿಮಿಷ. ಊರು ರಾಮೆನ್‌ಗೆ ಹೆಸರುವಾಸಿ, ಆದರೆ ಅದರಲ್ಲಿ ಹಂದಿ ಕೊಬ್ಬು. ಫುಕುಯಾಮಾದಲ್ಲೇ ಬ್ರೆಡ್ಡು, ಹಣ್ಣು ಕಟ್ಟಿಸಿಕೊಳ್ಳಿ.

ಕೋಯಾ ಬೆಟ್ಟದಲ್ಲಿ ನೆಮ್ಮದಿಯಾಗಿ ಉಣ್ಣಬಹುದು. ಬೌದ್ಧ ಮಠಗಳಲ್ಲೇ ತಂಗೋದು, ಅಲ್ಲಿ ಶೋಜಿನ್ ಅನ್ನೋ ಮಠದ ಊಟ: ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರು ಕೊಂಬು ಅನ್ನೋ ಸಮುದ್ರದ ಎಲೆಯದ್ದು, ಅಣಬೆಯದ್ದು. ಎಳ್ಳು ಅರೆದು ಕಾಸಿದ ಗೋಮಾ-ದೋಫು ತಪ್ಪದೆ ತಿನ್ನಿ. ಸಂಜೆ ಆರಕ್ಕೆಲ್ಲ ಊಟ ಮುಗಿಯುತ್ತೆ, ತಡವಾಗಿ ಹೋದರೆ ಸಿಗಲ್ಲ. ಚಳಿ ಜಾಸ್ತಿ, ಸ್ವೆಟರ್ ಇರಲಿ. ಒಕುನೊಯಿನ್ ಸ್ಮಶಾನದಲ್ಲಿ ಕಂಪನಿಗಳೂ ಸ್ಮಾರಕ ಕಟ್ಟಿಸಿವೆ. 1969ರಲ್ಲಿ ಹಾಲು ಬೆರೆಸಿದ ಡಬ್ಬಿ ಕಾಫಿ ತಂದ ಯುಸಿಸಿ ಕಾಫಿ ಕಂಪನಿಯವರ ಸ್ಮಾರಕದಲ್ಲಿ ಕಲ್ಲಿನ ಕಾಫಿ ಕಪ್ಪಿದೆ. ಈ ಗುಂಪಿನವರು ನಮಸ್ಕಾರ ಹಾಕಬೇಕಾದ ಜಾಗ.

ವಾಪಸ್ ಸಿಂಗಪುರದ ಮೇಲೆ ಬಂದರೆ ನಿಲ್ದಾಣದಲ್ಲೇ ಕೋಪಿ ಕುಡಿಯಿರಿ. ಅದೂ ಬಟ್ಟೆ ಚೀಲದ ಕಾಫಿಯೇ, ಕಂಡೆನ್ಸ್ಡ್ ಹಾಲು ಹಾಕಿರುತ್ತಾರೆ.

ಸಾಮಾನಿಗೆ ಟೋಕಿಯೋದ ಕಪ್ಪಾಬಾಶಿ ಬೀದಿ. ಪಿಂಗಾಣಿ ವಿ60 (ಕಾಫಿ ಸೋಸೋ ಕೋನ್), ಸಣ್ಣ ಮೂತಿಯ ಕೆಟಲ್, ಕೈ ಮಿಲ್ ಎಲ್ಲ ಸಿಗುತ್ತೆ. ಎಲೆಕ್ಟ್ರಿಕ್ ಗ್ರೈಂಡರ್ ಬೇಡ, ಅಲ್ಲಿನದು 100 ವೋಲ್ಟ್, ನಮ್ಮ ಪ್ಲಗ್ಗಿಗೆ ಹಾಕಿದರೆ ಸುಟ್ಟು ಹೋಗುತ್ತೆ. ಇಲ್ಲಿಂದ ಹಸಿ ಕರಿಬೇವು, ಹಣ್ಣು ಒಯ್ಯಬೇಡಿ, ಏರ್‌ಪೋರ್ಟಿನಲ್ಲೇ ಹಿಡಿಯುತ್ತಾರೆ. ಕಾಫಿ ಪುಡಿಗೆ ತೊಂದರೆ ಇಲ್ಲ.

ನೆಲ್ ಚೀಲ ತಂದರೆ, ಹೊಸದನ್ನು ಮೊದಲು ಸ್ವಲ್ಪ ಕಾಫಿ ಪುಡಿ ಹಾಕಿದ ನೀರಿನಲ್ಲಿ ಕುದಿಸಿ. ಸೋಪು ಮುಟ್ಟಿಸಬೇಡಿ. ಬಳಸಿದ ಮೇಲೆ ತೊಳೆದು ನೀರಿನಲ್ಲಿ ಮುಳುಗಿಸಿ ಫ್ರಿಜ್ಜಿನಲ್ಲಿಡಿ, ನೀರನ್ನು ದಿನಾ ಬದಲಿಸಿ. ಒಣಗಲು ಬಿಟ್ಟರೆ ಬಟ್ಟೆಯಲ್ಲಿ ಉಳಿದ ಕಾಫಿ ಎಣ್ಣೆ ಕಮಟು ಹಿಡಿದು ಮರುದಿನದ ಕಾಫಿ ಕೆಡುತ್ತೆ.