ಮತ್ತೆ ಹುಟ್ಟೋ ವೀರ ಬೇಕಂದ್ರ ಕುಮ್ಮಟದುರ್ಗಕ್ಕ ಬರ್ರಿ

ನಾಲ್ಕು ಮಂದಿ ಆಡೋ ಬಾಹ್ಯಾಕಾಶದ ರೋಲ್‌ಪ್ಲೇ (ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ ಕತಿ ಕಟ್ಟೋ) ಆಟದಾಗ, ಮಂತ್ರ-ಮಾಯ ಇಲ್ಲದ ಮತ್ತೆ ಮತ್ತೆ ಹುಟ್ಟೋ ವೀರನ್ನ ಹೆಂಗ ತರೋದು ಅಂತ ಕೇಳೀರಿ. ನಮ್ಮ ಗಂಗಾವತಿ ಕಡೆ ಕುಮ್ಮಟದುರ್ಗದ ಕುಮಾರರಾಮನ್ನ ತಗೋರಿ. ಕಂಪಿಲರಾಯನ ಮಗ, 14ನೇ ಶತಮಾನದಾಗ ದಿಲ್ಲಿ ದಂಡಿನ ಜೋಡಿ ಕಾದಾಡಿ ಸತ್ತಾಂವ.

ನಿಮಗ ಬೇಕಾದ ಜಾಗ ಸಾವಿನಾಗಿಲ್ಲ, ಅದಕ್ಕೂ ಮೊದಲ ಐತಿ. ಜನ ಹೇಳೋ ಕತಿಯೊಳಗ, ಮಲತಾಯಿ ರತ್ನಾಜಿ ಚಾಡಿ ಕೇಳಿ ರಾಜ ಮಗನ ತಲಿ ಹೊಡೀರಿ ಅಂತಾನ. ಮಂತ್ರಿ ಬೈಚಪ್ಪ ರಾಮನ್ನ ನೆಲಮಾಳಿಗ್ಯಾಗ ಅಡಗಿಸಿ, ಅವನ್ನ ಹೋಲೋ ಬ್ಯಾರೆಯವನ ತಲಿ ತೋರಸ್ತಾನ. ಮುಂದ ದಂಡು ಬಂದಾಗ ಸತ್ತಾಂವ ಎದ್ದು ಬಂದ! ನೆಲಮಾಳಿಗಿ ಅಂದ್ರ ಬಾಹ್ಯಾಕಾಶ ಹಡಗಿನ ತಳದಾಗ ಮನಿಷ್ಯಾನ್ನ ತಣ್ಣಗ ಮಲಗಿಸಿಡೋ ಶೀತಲ ಪೆಟ್ಟಿಗಿ, ತಲಿ ಅಂದ್ರ ಅವನ ಕ್ಲೋನ್‌ದು, ಅಂದ್ರ ತದ್ರೂಪಿ ನಕಲಿಂದು. ಮುಗೀತಲ್ಲ.

ಮೊದಲನೇ ಸೀನ್‌ನಾಗ ಆಟಗಾರರ ಮುಂದ ಹರಿವಾಣದಾಗ ತಲಿ ಇಡ್ರಿ. ಡಿಎನ್‌ಎ ಪೂರಾ ಹೊಂದತೈತಿ, ಕಿವಿ ಹಿಂದಿನ ಹಳೇ ಗಾಯದ ಕಲಿ ಮಾತ್ರ ಇಲ್ಲ.

ಒಂದು ಮಾತು, ವೀರನ್ನ ಯಾವ ಆಟಗಾರಗೂ ಕೊಡಬ್ಯಾಡ್ರಿ. ಉಳಿದ ಮೂವರು ಸುಮ್ಮನ ಬಾಲ ಹಿಡ್ಕೊಂಡು ತಿರಗ್ತಾರ. ನಾಲ್ವರಿಗೂ ಬೈಚಪ್ಪನ ಕೆಲಸ ಹಚ್ಚರಿ: ಯಾವಾಗ ಎಬ್ಬಿಸೋದು, ಈ ಸಲ ಯಾರ ತಲಿ ಕೊಡೋದು. ಜಗಳ ತಾನ ಹತ್ತತೈತಿ.

ಹಡಗಿಗೆ ಅವನ ಕುದುರಿ ಹೆಸರ ಇಡ್ರಿ, ಬೊಲ್ಲ.