ಎಂಜಿಬಿಗೆ ಹೊಸ ಏರ್ ಫಿಲ್ಟರ್ ಹಾಕಿದರೆ ಪಿಕಪ್ ಬರುತ್ತಾ?

ಪ್ರಶ್ನೆ: ನಮಸ್ಕಾರ ಸಾರ್. ನನ್ನ ಹತ್ತಿರ 1967ರ ಎಂಜಿಬಿ ಓಪನ್ ಕಾರಿದೆ. ಮುಂಬೈಯಲ್ಲಿದ್ದ ಸೋದರಮಾವ ಕೊಟ್ಟಿದ್ದು. ಎಂಜಿನ್ ಬಿಚ್ಚಿ ಹೊಸದಾಗಿ ಕಟ್ಟಿಸಿದ್ದೇನೆ. ಆದರೂ ಮಧ್ಯಾಹ್ನದ ಹೊತ್ತು ಚಿತ್ರದುರ್ಗದ ಕಡೆ ಹೊರಟರೆ ಏರಿನಲ್ಲಿ ಎಳೆಯುವುದಿಲ್ಲ. ಭರಮಸಾಗರದಲ್ಲಿ ಟೀ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಕೆಮ್ಮುತ್ತದೆ. ಹಳೇ ಡಬ್ಬಿ ಫಿಲ್ಟರ್ ಕಿತ್ತುಹಾಕು, ಹೊರದೇಶದಿಂದ ಎಣ್ಣೆ ಹಚ್ಚುವ ಹತ್ತಿ ಬಟ್ಟೆಯ ಫಿಲ್ಟರ್ ತರಿಸು, ಹತ್ತು ಎಚ್‌ಪಿ ಜಾಸ್ತಿ ಆಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಖರ್ಚು ಇಪ್ಪತ್ತು ಸಾವಿರ ದಾಟುತ್ತದೆ. ಹಾಕಿಸಲಾ?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಪಿಕಪ್‌ಗೋಸ್ಕರ ಅಂತಾದರೆ ಬೇಡ. ಆ ದುಡ್ಡು ಖರ್ಚು ಮಾಡೋಕೆ ನಿಮ್ಮ ಕಾರಿನಲ್ಲೇ ಬೇರೆ ಜಾಗ ಇದೆ.

ಮೊದಲು ಎಂಜಿನ್ ವಿಷಯ. ಎಂಜಿಬಿ ತಯಾರಾಗುತ್ತಿದ್ದದ್ದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ, 1962ರಿಂದ 1980ರವರೆಗೆ. ಆದರೆ ಅದರ 1,798 ಸಿಸಿ ಎಂಜಿನ್ ನಮಗೇನೂ ಹೊಸದಲ್ಲ. ನಮ್ಮ ಹಳೇ ಪೆಟ್ರೋಲ್ ಅಂಬಾಸಿಡರ್‌ನ 1,489 ಸಿಸಿ ಎಂಜಿನ್ ಇದೆಯಲ್ಲ, ಅದೂ ಇದೂ ಒಂದೇ ಮನೆತನ. ನಾನು ಕೆಲಸ ಕಲಿತದ್ದೇ ಅಂಬಾಸಿಡರ್ ಟ್ಯಾಕ್ಸಿಗಳ ಮೇಲೆ. ಎಂಜಿನ್ ಮೇಲಿನ ಮುಚ್ಚಳ, ಅಂದರೆ ಹೆಡ್, ಬಿಚ್ಚಿದರೆ ಕಣ್ಣಿಗೆ ಕಾಣುತ್ತದೆ: ನಾಲ್ಕು ಸಿಲಿಂಡರ್‌ಗೆ ಗಾಳಿ ಒಳಗೆ ಹೋಗುವ ದಾರಿ ಎರಡೇ. ಒಂದೊಂದು ದಾರಿಯನ್ನು ಎರಡೆರಡು ಸಿಲಿಂಡರ್ ಹಂಚಿಕೊಳ್ಳಬೇಕು. ಎಂಜಿನ್‌ಗೆ ಉಸಿರು ಕಟ್ಟುವುದು ಅಲ್ಲಿ. ಅದಕ್ಕಿಂತ ಹಿಂದೆ, ಫಿಲ್ಟರ್ ಹತ್ತಿರ, ನೀವು ಎಷ್ಟು ಅಗಲ ಬಾಗಿಲು ತೆಗೆದರೂ ಒಳಗಿನ ದಾರಿ ಅಷ್ಟೇ ಇರುತ್ತದೆ.

ನನ್ನ ಮಾತನ್ನೂ ಸುಮ್ನೆ ನಂಬಬೇಡಿ, ಅಳೆದು ನೋಡಿ. ಗಾರೆ ಕೆಲಸದವರು ಮಟ್ಟ ನೋಡೋಕೆ ಇಟ್ಟುಕೊಳ್ಳುವ ಪಾರದರ್ಶಕ ಪೈಪ್ ತನ್ನಿ. ಫಿಲ್ಟರ್ ಡಬ್ಬಿಯ ಮುಚ್ಚಳದಲ್ಲಿ ಸಣ್ಣ ತೂತು ಕೊರೆದು, ಪೈಪಿನ ಒಂದು ತುದಿಯನ್ನು ಫಿಲ್ಟರ್‌ನ ಒಳಮಗ್ಗುಲಿಗೆ ಗಾಳಿ ಸೋರದಂತೆ ಸೇರಿಸಿ. ಇನ್ನೊಂದು ತುದಿ ಹೊರಗಿರಲಿ. ನಡುವೆ ಯು ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ತುಂಬಿ. ಎರಡೂ ಕಡೆ ಎರಡು ಮೂರು ಅಡಿ ಎತ್ತರ ಇರಲಿ, ಇಲ್ಲದಿದ್ದರೆ ನೀರು ಕಾರ್ಬುರೇಟರ್‌ಗೆ (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಭಾಗ) ಹೋದೀತು. ಪಕ್ಕದ ಸೀಟಿನಲ್ಲಿ ಒಬ್ಬರು ಅದನ್ನು ಹಿಡಿದುಕೊಳ್ಳಲಿ. ಖಾಲಿ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿ 5,000 ಆರ್‌ಪಿಎಂ ತನಕ ಹೋಗಿ. ನೀರಿನ ಎರಡು ಮಟ್ಟಗಳ ನಡುವೆ ಎಷ್ಟು ಅಂತರ ಬರುತ್ತದೆ ಅಂತ ಅವರು ನೋಡಿ ಹೇಳಲಿ. 10 ಸೆಂಟಿಮೀಟರ್ ಬಂದರೆ ನಿಮ್ಮ ಫಿಲ್ಟರ್ ತಡೆಯುತ್ತಿರುವುದು ಗಾಳಿಯ ಒತ್ತಡದಲ್ಲಿ ಸುಮಾರು ಶೇಕಡಾ 1 ಮಾತ್ರ. ಹೊಸದಾಗಿದ್ದಾಗ ಈ ಎಂಜಿನ್‌ಗೆ ಕಂಪನಿ ಹೇಳುತ್ತಿದ್ದದ್ದು 95 ಎಚ್‌ಪಿ. ಫಿಲ್ಟರ್ ಪೂರ್ತಿ ತೆಗೆದೆಸೆದರೂ ಸಿಗುವುದು ಅದರಲ್ಲಿ ಒಂದು. ಗೆಳೆಯರ ಹತ್ತು ಎಲ್ಲಿಂದ ಬರಬೇಕು? ಅಂತರ 25 ಸೆಂಟಿಮೀಟರ್ ದಾಟಿದರೆ ಪೇಪರ್ ಫಿಲ್ಟರ್ ಕಟ್ಟಿಕೊಂಡಿದೆ, ಹೊಸ ಪೇಪರ್ ಹಾಕಿ ಸಾಕು. ಫಿಲ್ಟರ್ ಬದಲಾಯಿಸಿದಾಗ ಗಾಳಿ ಎಳೆಯುವ ಸದ್ದು ಜೋರಾಗುತ್ತದೆ, ಆ ಸದ್ದನ್ನೇ ಪವರ್ ಅಂತ ತಿಳಿಯುವವರು ಬಹಳ ಜನ.

ಆ ಹಳೇ ಡಬ್ಬಿಯನ್ನು ಎಸೆಯಬೇಡಿ. ಅದರ ಹಿಂಬದಿ ತಗಡಿನಲ್ಲಿ ಕಹಳೆಯ ಬಾಯಿಯಂಥ ಅಂಚಿದೆ. ಗಾಳಿ ಸುಳಿ ಸುತ್ತದೆ ನೇರವಾಗಿ ಕಾರ್ಬುರೇಟರ್‌ಗೆ ಹೋಗಲಿ ಅಂತ ಮಾಡಿದ್ದು. ಅಗ್ಗದ ಚಪ್ಪಟೆ ಫಿಲ್ಟರ್‌ಗಳಲ್ಲಿ ಅದು ಇರುವುದಿಲ್ಲ. ಅವುಗಳನ್ನು ಹಾಕಿದ ಮೇಲೆ ಪವರ್ ಇಳಿದದ್ದೂ ಉಂಟು. ಇನ್ನೊಂದು ಅಪಾಯ ಇದೆ. ನಿಮ್ಮ ಎಸ್‌ಯು ಕಾರ್ಬುರೇಟರ್‌ನ ಮುಖದಲ್ಲಿ ದೊಡ್ಡ ಬಾಯಿಯ ಪಕ್ಕ ಸಣ್ಣ ಗಾಳಿತೂತು ಇರುತ್ತದೆ. ಕಾರ್ಬುರೇಟರ್ ಒಳಗಿನ ಪಿಸ್ಟನ್ ಮೇಲೇಳಬೇಕಾದರೆ ಅದರ ಅಡಿಗೆ ಈ ತೂತಿನಿಂದ ಗಾಳಿ ಬರಬೇಕು. ಫಿಲ್ಟರ್ ಮತ್ತು ಕಾರ್ಬುರೇಟರ್ ನಡುವಿನ ಪ್ಯಾಕಿಂಗ್ ತಲೆಕೆಳಗಾಗಿ ಕೂತರೆ ತೂತು ಮುಚ್ಚಿಹೋಗುತ್ತದೆ. ಹಾಗೇ ಆದ ಒಂದು ಕಾರು ನಮ್ಮ ಗ್ಯಾರೇಜಿಗೆ ಬಂದಿತ್ತು. ಅದರ ಮಾಲೀಕರು ಪ್ಲಗ್, ಪಾಯಿಂಟ್, ಕಾಯಿಲ್ ಎಲ್ಲ ಬದಲಾಯಿಸಿ ಸುಸ್ತಾಗಿದ್ದರು. ಪ್ಯಾಕಿಂಗ್ ತಿರುಗಿಸಿ ಹಾಕಿದೆವು, ಸರಿಹೋಯಿತು.

ಈಗ ನಿಮ್ಮ ನಿಜವಾದ ಕಾಯಿಲೆಗೆ ಬರುತ್ತೇನೆ. ಮಧ್ಯಾಹ್ನವೇ ಎಳೆಯಲ್ಲ, ಟೀ ಕುಡಿದು ಬಂದ ಮೇಲೆಯೇ ಕೆಮ್ಮುತ್ತದೆ ಅಂತ ನೀವೇ ಬರೆದಿದ್ದೀರಿ. ಇದು ಬಿಸಿಯ ತೊಂದರೆ. ಈ ಎಂಜಿನ್‌ನಲ್ಲಿ ಕಾರ್ಬುರೇಟರ್ ಮತ್ತು ಹೊಗೆ ಹೋಗುವ ಮ್ಯಾನಿಫೋಲ್ಡ್ ಎರಡೂ ಒಂದೇ ಪಕ್ಕದಲ್ಲಿವೆ, ಅದೂ ಒಂದರ ಕೆಳಗೆ ಇನ್ನೊಂದು. ಗಾಡಿ ನಿಲ್ಲಿಸಿದ ಮೇಲೆ ಆ ಕಾವೆಲ್ಲ ಮೇಲಕ್ಕೆ ಏರಿ ಕಾರ್ಬುರೇಟರ್‌ನಲ್ಲಿರುವ ಪೆಟ್ರೋಲ್ ಕುದಿಯುತ್ತದೆ. ಓಡುವಾಗಲೂ ನಷ್ಟ ಇದೆ. ಹೊರಗೆ 30 ಡಿಗ್ರಿ ಇರುವ ಗಾಳಿ ಬಾನೆಟ್ ಒಳಗೆ 60 ಡಿಗ್ರಿ ಆಗಿ ಕಾರ್ಬುರೇಟರ್ ಸೇರಿದರೆ ಅದು ಸುಮಾರು ಶೇಕಡಾ 9ರಷ್ಟು ತೆಳು. ಫಿಲ್ಟರ್‌ನ ಒಂದೆಲ್ಲಿ, ಈ ಒಂಬತ್ತೆಲ್ಲಿ! ನೀವು ತರಿಸುವ ಫಿಲ್ಟರ್ ಎಳೆಯುವುದೂ ಅದೇ ಬಿಸಿ ಗಾಳಿಯನ್ನೇ ಅಲ್ವಾ?

ಹಾಗಾಗಿ ದುಡ್ಡು ಇಲ್ಲಿ ಹಾಕಿ. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಕಾವು ತಡೆಯುವ ತಗಡು ಇದೆಯಾ ನೋಡಿ. ಎಂಜಿನ್ ಕಟ್ಟುವಾಗ ಎಷ್ಟೋ ಜನ ಅದನ್ನು ಮೂಲೆಗೆ ಹಾಕಿರುತ್ತಾರೆ. ಇಲ್ಲದಿದ್ದರೆ ಮಾಡಿಸಿ ಹಾಕಿ. ಕಾರ್ಬುರೇಟರ್ ಹಿಂದೆ, ಎಂಜಿನ್ ಕಡೆಗಿರುವ ದಪ್ಪ ಫೈಬರ್ ಪ್ಯಾಕಿಂಗ್ ಒಡೆದಿದ್ದರೆ ಬದಲಾಯಿಸಿ. ರೇಡಿಯೇಟರ್ ಪಕ್ಕದಿಂದ ಮೂರಿಂಚಿನ ಪೈಪ್ ಎಳೆದು ಅದರ ಬಾಯಿ ಫಿಲ್ಟರ್‌ಗಳ ಹತ್ತಿರ ಬರುವಂತೆ ಬಿಡಿ, ತಣ್ಣನೆ ಗಾಳಿ ಸಿಗುತ್ತದೆ. ನನ್ನ ಪ್ರಕಾರ ಈ ಕಾರಿಗೆ ಮಾಡಿಸಬೇಕಾದ ಗಾಳಿ ಕೆಲಸ ಇದೊಂದೇ. ಭರಮಸಾಗರದಲ್ಲಿ ಟೀ ಕುಡಿಯುವಾಗ ಬಾನೆಟ್ ಎತ್ತಿಡಿ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಪಂಪ್ ಮಾಡದೆ ಅರ್ಧ ಒತ್ತಿ ಹಿಡಿಯಿರಿ.

ಪೆಟ್ರೋಲ್ ಬಗ್ಗೆಯೂ ಗಮನ ಇರಲಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತದ್ದು. ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಸೆಟ್ಟಿಂಗ್‌ನಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಆದಂತಾಗುತ್ತದೆ. ದಾವಣಗೆರೆ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಮುಂಬೈಗಿಂತ ಗಾಳಿ ತೆಳು, ಅದು ಉಲ್ಟಾ ಕಡೆಗೆ ಎಳೆಯುತ್ತದೆ. ಆದ್ದರಿಂದ ಅಂದಾಜು ಬೇಡ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಳಿ ಇದ್ದರೆ ಎರಡೂ ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಪ್ರಮಾಣ ಹೊಂದಿಸುವ ಜೆಟ್ ನಟ್ಟನ್ನು ಒಂದೇ ಸಮ ಸ್ವಲ್ಪ ಕೆಳಗಿಳಿಸಿ. ಬಿಸ್ಕೆಟ್ ಬಣ್ಣ ಬಂದರೆ ನಿಲ್ಲಿಸಿ. ಪೆಟ್ರೋಲ್ ರಬ್ಬರ್ ಪೈಪುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ತಪ್ಪದೆ ಬದಲಾಯಿಸಿ, ಇದು ಬೆಂಕಿಯ ವಿಷಯ.

ಪ್ರಶ್ನೆ: ನಮ್ಮ ಕಾರಿನ ಪೇಪರ್ ಫಿಲ್ಟರ್‌ಗೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ ಮತ್ತೆ ಹಾಕುತ್ತೇನೆ. ನಡೆಯುತ್ತಾ?
— ಓದುಗರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಒಂದೆರಡು ಸಲ ಪರವಾಗಿಲ್ಲ. ಗಾಳಿ ಒಳಗಿನಿಂದ ಹೊರಕ್ಕೆ, ಮೆಲ್ಲಗೆ, ದೂರದಿಂದ ಹೊಡೆಯಬೇಕು. ಹೊರಗಿನಿಂದ ಹೊಡೆದರೆ ಧೂಳು ಪೇಪರ್ ಒಳಕ್ಕೆ ಹೋಗಿ ಕೂರುತ್ತದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಫಿಲ್ಟರ್ ಒಳಗೆ ಟಾರ್ಚ್ ಹಿಡಿದು ಸುತ್ತ ನೋಡಿ. ಸೂಜಿಮೊನೆಯಷ್ಟು ಬೆಳಕು ನೇರ ಕಂಡರೂ ಅದನ್ನು ಹಾಕಬೇಡಿ. ನಮ್ಮ ಕಡೆಯ ಧೂಳು ಒಳಗೆ ಹೋದರೆ ಎಂಜಿನ್‌ನ ಪಿಸ್ಟನ್ ರಿಂಗ್ ಸವೆಸಿಬಿಡುತ್ತದೆ, ಹೊಸ ಫಿಲ್ಟರ್‌ಗೆ ಆಗುವ ಖರ್ಚು ಅದರ ಮುಂದೆ ಏನೂ ಅಲ್ಲ.